ಚುಕ್ಕೆ ನಿಂತಲ್ಲೇ ನಿಲ್ಲಬೇಕು: ಸ್ಪರ್ಧೆಯ ಪಿಸ್ತೂಲಿಗೆ ರೆಡ್ ಡಾಟ್ ಸೈಟ್ ಆರಿಸುವ ಬಗೆ

ರೆಡ್ ಡಾಟ್ ಸೈಟ್ ಅಂದರೆ ಪಿಸ್ತೂಲಿನ ಮೇಲೆ ಕೂರುವ ಸಣ್ಣ ಗಾಜಿನ ಕಿಟಕಿ, ಅದರಲ್ಲಿ ಕಾಣುವ ಕೆಂಪು ಚುಕ್ಕೆಯನ್ನು ಗುರಿಯ ಮೇಲಿಟ್ಟು ಹೊಡೆಯುವುದು. ನನ್ನ ಮೊದಲ ರೆಡ್ ಡಾಟ್ ಸೈಟ್ ಕೈಕೊಟ್ಟದ್ದು ಆಗಸ್ಟ್ ತಿಂಗಳ ಒಂದು ಭಾನುವಾರ. ಗೆಳೆಯರೆಲ್ಲ ಸೇರಿ .22 ಬೋರಿನ (ಬೋರ್ ಅಂದರೆ ನಳಿಗೆಯ ಅಳತೆ) ಪಿಸ್ತೂಲಿನಲ್ಲಿ ಒಂದು ಸಣ್ಣ ಪಂದ್ಯ ಇಟ್ಟುಕೊಂಡಿದ್ದೆವು. ಚುಕ್ಕೆ ಆರಿಹೋಗಿದ್ದರೆ ಪರವಾಗಿರಲಿಲ್ಲ, ಸೈಟ್ ಹಾಳಾಯ್ತು ಅಂತ ಕೆಳಗಿಟ್ಟು ಕಾಫಿ ಕುಡಿಯಬಹುದಿತ್ತು. ಅದು ಆರಲಿಲ್ಲ. ಚೆನ್ನಾಗಿ, ಕೆಂಪಗೆ ಉರಿಯುತ್ತಲೇ ಇತ್ತು, ಆದರೆ ಎರಡು ಗುಂಡಿಗೊಮ್ಮೆ ಅಷ್ಟಿಷ್ಟು ಜಾರುತ್ತಿತ್ತು. ನಾನು ನನ್ನ ಟ್ರಿಗರ್ ಸರಿಯಿಲ್ಲ, ಹಿಡಿತ ಸರಿಯಿಲ್ಲ ಅಂತ ಇಡೀ ಮಧ್ಯಾಹ್ನ ನನ್ನನ್ನೇ ಬೈದುಕೊಂಡೆ. ಸಂಜೆ ಸೈಟನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿದಾಗ ಒಳಗಿನಿಂದ ಕಟಕಟ ಅಂತ ಸದ್ದು ಬಂತು.

ಆವತ್ತಿನಿಂದ ನನಗೆ ನಂಬಿಕೆಯ ಸೈಟ್ ಅಂದರೆ ಒಂದೇ ಅರ್ಥ. ಅದು ಸುಳ್ಳು ಹೇಳಬಾರದು. ಜಾಸ್ತಿ ಬಟನ್, ದೊಡ್ಡ ಹೆಸರು, ಚಂದದ ಡಬ್ಬಿ, ಇದೆಲ್ಲ ಆಮೇಲಿನ ಮಾತು.

(ಸೈಟ್ ಅಂದ ತಕ್ಷಣ ಮೈಸೂರಲ್ಲಿ 30-40 ಸೈಟ್ ನೆನಪಾಗುವವರು ಕ್ಷಮಿಸಿ, ಇದು ಕೋವಿಯ ಸೈಟ್. ಬೆಲೆ ನೋಡಿದರೆ ಕೆಲವೊಮ್ಮೆ ಎರಡೂ ಒಂದೇ ಅನ್ನಿಸುತ್ತದೆ.)

ಕೊಳ್ಳುವ ಮೊದಲು ನೀವು ಆಡುವ ಪಂದ್ಯದ ನಿಯಮ ಓದಿ. ಇದನ್ನು ಎಷ್ಟು ಜನ ಮರೆಯುತ್ತಾರೆ ಅಂದರೆ ನಗು ಬರುತ್ತದೆ. ಐಎಸ್ಎಸ್ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ ಪಿಸ್ತೂಲ್ ಸ್ಪರ್ಧೆಗಳಲ್ಲಿ, ಅಂದರೆ ಒಲಿಂಪಿಕ್ಸ್‌ನಲ್ಲಿ ನೋಡುವ 10 ಮೀಟರ್ ಏರ್ ಪಿಸ್ತೂಲ್, 25 ಮೀಟರ್ ಪಿಸ್ತೂಲ್ ಇವುಗಳಲ್ಲಿ ರೆಡ್ ಡಾಟ್ ನಡೆಯುವುದಿಲ್ಲ. ಬರೀ ಮುಂದಿನ ಸೈಟ್, ಹಿಂದಿನ ಸೈಟ್, ಅಷ್ಟೇ. ನಿಮ್ಮ ಮಗನೋ ಮಗಳೋ ರಾಜ್ಯಮಟ್ಟದ ಏರ್ ಪಿಸ್ತೂಲ್ ಪಂದ್ಯಕ್ಕೆ ತಯಾರಾಗುತ್ತಿದ್ದರೆ ಈ ಬರಹ ಇಲ್ಲಿಗೇ ಬಿಟ್ಟು ಆ ದುಡ್ಡಿಗೆ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ತಂದುಕೊಡಿ. ರೆಡ್ ಡಾಟ್ ನಡೆಯುವುದು ಓಡಾಡಿಕೊಂಡು ಬೇಗ ಬೇಗ ಹೊಡೆಯುವ ಐಪಿಎಸ್‌ಸಿ ಪಂದ್ಯದ ಓಪನ್ ಮತ್ತು ಪ್ರೊಡಕ್ಷನ್ ಆಪ್ಟಿಕ್ಸ್ ವಿಭಾಗಗಳಲ್ಲಿ, ಕಬ್ಬಿಣದ ಫಲಕಕ್ಕೆ ಹೊಡೆಯುವ ಸ್ಟೀಲ್ ಚಾಲೆಂಜ್‌ನ ಕೆಲವು ವಿಭಾಗಗಳಲ್ಲಿ, ಅಮೆರಿಕದವರ ಬುಲ್ಸ್‌ಐ ಪಂದ್ಯದಲ್ಲಿ. ನಮ್ಮ ಕೊಡಗಿನ ಕಡೆ ಗೆಳೆಯರು ನಡೆಸುವ ಪಂದ್ಯವಾದರೆ ನಡೆಸುವವರನ್ನೇ ಕೇಳಿ, ಒಬ್ಬೊಬ್ಬರದು ಒಂದೊಂದು ನಿಯಮ. ಕೋವಿ ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬದ ತೆಂಗಿನಕಾಯಿ ಹೊಡೆಯುವ ಸ್ಪರ್ಧೆಗೆ ಇದನ್ನು ತೆಗೆದುಕೊಂಡು ಹೋದರಂತೂ ಹಿರಿಯರು ಏನನ್ನುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ಈ ಸೈಟಿನ ಒಳಗೆ ಏನಿದೆ ಅಂತ ಎರಡು ಮಾತು. ಒಂದು ಸಣ್ಣ ಎಲ್ಇಡಿ ದೀಪ, ಅದರ ಮುಂದೆ ಸ್ವಲ್ಪ ಬಾಗಿದ ಗಾಜು. ಗಾಜಿನ ಮೇಲೆ ತೆಳುವಾದ ಲೇಪ ಇರುತ್ತದೆ, ಅದು ಕೆಂಪು ಬೆಳಕನ್ನು ಮಾತ್ರ ನಿಮ್ಮ ಕಣ್ಣಿಗೆ ವಾಪಸ್ ಕಳಿಸಿ ಉಳಿದದ್ದನ್ನು ಒಳಗೆ ಬಿಡುತ್ತದೆ. ಆದ್ದರಿಂದಲೇ ಗಾಜು ಒಂಚೂರು ನೀಲಿ ಅಥವಾ ಹಸಿರು ಛಾಯೆಯಲ್ಲಿ ಕಾಣುವುದು. ಲೇಸರ್ ಅಲ್ಲ ಇದು, ಗುರಿಯ ಮೇಲೆ ಏನೂ ಬೀಳುವುದಿಲ್ಲ, ಚುಕ್ಕೆ ನಿಮಗೊಬ್ಬರಿಗೇ ಕಾಣುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಇಂಥ ಎಲೆಕ್ಟ್ರಾನಿಕ್ ಸೈಟನ್ನು ಮೊದಲು ಮಾರಾಟಕ್ಕೆ ತಂದಿತು. ಆಗಿನದು ಕೊಳವೆಯಂತಿತ್ತು, ಈಗ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.

ಯಾವ ಸೈಟ್ ಅನ್ನುವುದಕ್ಕಿಂತ ಮೊದಲು ಯಾವ ಪಿಸ್ತೂಲ್ ಅನ್ನುವುದು ಮುಖ್ಯ. ವಿದೇಶದ ವಿಡಿಯೋ ನೋಡಿದರೆ ಎಲ್ಲರೂ 9 ಎಂಎಂ ಬಗ್ಗೆ ಮಾತಾಡುತ್ತಾರೆ, ನಮ್ಮ ದೇಶದಲ್ಲಿ ಅದು ಸಾಮಾನ್ಯ ನಾಗರಿಕರಿಗೆ ಸಿಗುವ ಬೋರ್ ಅಲ್ಲ. ನಮ್ಮ ಕೈಯಲ್ಲಿರುವುದು ಬಹುತೇಕ .22, ಇಲ್ಲವೇ .32, ಇಲ್ಲವೇ ಏರ್ ಪಿಸ್ತೂಲ್. ಇದರಿಂದ ಒಂದು ಲಾಭವೂ ಇದೆ. ಸ್ಲೈಡಿನ (ಪಿಸ್ತೂಲಿನ ಹಿಂದೆ ಮುಂದೆ ಓಡಾಡುವ ಮೇಲ್ಭಾಗ) ಮೇಲೆ ಕೂತ ಸೈಟ್ ಪ್ರತಿ ಗುಂಡಿಗೂ ಸ್ಲೈಡಿನ ಜೊತೆ ಹಿಂದೆ ಹೋಗಿ ಡಿಕ್ಕಿ ಹೊಡೆದು ಮತ್ತೆ ಮುಂದೆ ಬಂದು ಡಿಕ್ಕಿ ಹೊಡೆಯುತ್ತದೆ, ಸೈಟ್ ಸಾಯುವುದೇ ಆ ಹೊಡೆತಕ್ಕೆ. ರುಗರ್ ಮಾರ್ಕ್ 4 ಥರದ .22 ಪಿಸ್ತೂಲಿನಲ್ಲಿ ಮೇಲ್ಭಾಗ ಅಲುಗುವುದೇ ಇಲ್ಲ, ಒಳಗಿನ ಬೋಲ್ಟ್ ಮಾತ್ರ ಓಡಾಡುತ್ತದೆ, ಸೈಟ್ ಕೂರಿಸುವುದಕ್ಕೆ ತೂತುಗಳೂ ಬಹುತೇಕ ಮಾದರಿಗಳಲ್ಲಿ ಕಂಪನಿಯಿಂದಲೇ ಬರುತ್ತವೆ. ಅಂಥದ್ದರ ಮೇಲೆ ಮಧ್ಯಮ ಬೆಲೆಯ ಸೈಟೂ ವರ್ಷಗಟ್ಟಲೆ ಬಾಳುತ್ತದೆ. ಐಪಿಎಸ್‌ಸಿ ಓಪನ್ ವಿಭಾಗದವರು ತುಂಬಾ ಜನ ಸೈಟನ್ನು ಫ್ರೇಮಿಗೆ (ಹಿಡಿಕೆ ಇರುವ, ಓಡಾಡದ ಭಾಗ) ಕಟ್ಟುವುದಕ್ಕೂ ಇದೇ ಕಾರಣ, ಸ್ಲೈಡ್ ಓಡಾಡಿಕೊಳ್ಳಲಿ, ಚುಕ್ಕೆ ಸುಮ್ನೆ ಕೂತಿರಲಿ ಅಂತ.

ಏರ್ ಪಿಸ್ತೂಲಿನಲ್ಲಿ ಒಂದು ತಪ್ಪು ಕಲ್ಪನೆ ಇದೆ. ಗಾಳಿ ಕೋವಿ ತಾನೇ, ಯಾವ ಸೈಟ್ ಹಾಕಿದರೇನು ಅಂತ. ಸಿಲಿಂಡರಿನಲ್ಲಿ ಗಾಳಿ ತುಂಬಿಸುವ ಪಿಸಿಪಿ ಆದರೆ ಸರಿ, ಅದಕ್ಕೆ ಜರ್ಕ್ ಇಲ್ಲವೇ ಇಲ್ಲ ಅನ್ನಬಹುದು. ಸ್ಪ್ರಿಂಗ್ ಇರುವುದು ಬೇರೆ ಜಾತಿ. ಪಿಸ್ಟನ್ ಮುಂದೆ ನುಗ್ಗುವಾಗ ಒಮ್ಮೆ ಹಿಂದಕ್ಕೆ ಒದೆತ, ಅದು ಹೋಗಿ ನಿಲ್ಲುವಾಗ ಮುಂದಕ್ಕೆ ಒದೆತ. ಈ ಎರಡು ಕಡೆಯ ಒದೆತಕ್ಕೆ ಒಳ್ಳೊಳ್ಳೆ ಸೈಟುಗಳೇ ಸಡಿಲವಾಗುತ್ತವೆ. ನನ್ನ ಆ ಮೊದಲ ಸೈಟನ್ನೂ .22ಕ್ಕೆ ಹಾಕುವ ಮೊದಲು ಆರು ತಿಂಗಳು ಇಂಥದ್ದೇ ಒಂದು ಸ್ಪ್ರಿಂಗ್ ಪಿಸ್ತೂಲಿನ ಮೇಲೆ ಇಟ್ಟಿದ್ದೆ, ತಪ್ಪು ಪೂರ್ತಿ ಸೈಟಿನದ್ದಲ್ಲ. ಇನ್ನೊಂದು, ಏರ್ ಪಿಸ್ತೂಲಿನ ಮೇಲೆ ಸೈಟ್ ಕೂರಿಸಲು ಇರುವ ಹಳಿ ಸಾಮಾನ್ಯವಾಗಿ 11 ಎಂಎಂ ಅಗಲದ ಡವ್‌ಟೇಲ್, ಸೈಟಿನ ಜೊತೆ ಬರುವ ಕ್ಲ್ಯಾಂಪ್ ಅದಕ್ಕಿಂತ ಅಗಲವಾದ ಪಿಕಟಿನ್ನಿ ಅನ್ನುವ ಹಳಿಗೆ ಮಾಡಿದ್ದು. ಅಳೆದು ತರಿಸಿ.

ಚುಕ್ಕೆಯ ಗಾತ್ರ. ಇದನ್ನು ಎಂಒಎ (ಮಿನಿಟ್ ಆಫ್ ಆಂಗಲ್, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಲೆಕ್ಕದಲ್ಲಿ ಹೇಳುತ್ತಾರೆ. 1 ಎಂಒಎ ಅಂದರೆ 100 ಮೀಟರಿನಲ್ಲಿ ಸುಮಾರು 29 ಮಿಲಿಮೀಟರ್, 25 ಮೀಟರಿನಲ್ಲಿ 7 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, 10 ಮೀಟರಿನಲ್ಲಿ 3ಕ್ಕೆ ಒಂಚೂರು ಕಡಿಮೆ. ಈಗ ಗುರಿಹಲಗೆಯ ಪಕ್ಕ ಇಟ್ಟು ನೋಡಿ. 25 ಮೀಟರ್ ಪ್ರಿಸಿಷನ್ ಹಲಗೆಯ ಹತ್ತರ ವೃತ್ತ, ಅಂದರೆ ಹತ್ತು ಅಂಕ ಸಿಗುವ ನಡುವೃತ್ತ, 50 ಮಿಲಿಮೀಟರ್. 3 ಎಂಒಎ ಚುಕ್ಕೆ ಅದರ ಮೇಲೆ 22 ಮಿಲಿಮೀಟರ್ ಮುಚ್ಚುತ್ತದೆ, ಸುತ್ತ ಜಾಗ ಕಾಣುತ್ತದೆ, ನಡುವೆ ಇದ್ದೀನೋ ಇಲ್ಲವೋ ಗೊತ್ತಾಗುತ್ತದೆ. 6 ಎಂಒಎ ಚುಕ್ಕೆ 44 ಮಿಲಿಮೀಟರ್, ಹತ್ತರ ವೃತ್ತವೇ ಹೆಚ್ಚುಕಮ್ಮಿ ಮಾಯ. ಹಾಗಂತ ದೊಡ್ಡ ಚುಕ್ಕೆ ಕೆಟ್ಟದ್ದಲ್ಲ. ಕಬ್ಬಿಣದ ಫಲಕಗಳನ್ನು ಬೇಗ ಬೇಗ ಹೊಡೆಯುವ ಪಂದ್ಯದಲ್ಲಿ ದೊಡ್ಡ ಚುಕ್ಕೆ ಕಣ್ಣಿಗೆ ಫಕ್ಕನೆ ಸಿಗುತ್ತದೆ, ಸಣ್ಣದನ್ನು ಹುಡುಕುತ್ತಾ ಕೂತರೆ ಅರ್ಧ ಸೆಕೆಂಡ್ ಹೋಯಿತು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಸಣ್ಣ ಚುಕ್ಕೆಯಲ್ಲಿ ನಿಮ್ಮ ಕೈ ನಡುಗುವುದು ಜಾಸ್ತಿ ಕಾಣುತ್ತದೆ, ಅದನ್ನು ನೋಡಿ ಹೆದರಿ ಟ್ರಿಗರ್ ಕಿತ್ತು ಎಳೆಯುತ್ತೀರಿ. ಒಂದೇ ಸೈಟಿನಲ್ಲಿ ಎರಡೂ ಪಂದ್ಯ ಆಡುವವರಿಗೆ ನನ್ನ ಓಟು 3ರ ಆಸುಪಾಸಿಗೆ.

ದುಡ್ಡು ಕೊಡುವ ಮುನ್ನ ಒಮ್ಮೆ ಸೈಟನ್ನು ಕಣ್ಣಿಗೆ ಹಿಡಿದು ನೋಡಲೇಬೇಕು. ತುಂಬಾ ಜನರಿಗೆ ಚುಕ್ಕೆ ಗುಂಡಗೆ ಕಾಣುವುದಿಲ್ಲ, ಅಲ್ಪವಿರಾಮದ ಥರ, ನಕ್ಷತ್ರದ ಥರ, ಎರಡು ದ್ರಾಕ್ಷಿ ಅಂಟಿಕೊಂಡ ಥರ ಕಾಣುತ್ತದೆ. ಸೈಟ್ ಕೆಟ್ಟಿದೆ ಅಂತ ಜಗಳಕ್ಕೆ ಹೋಗಬೇಡಿ. ಒಂದು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ಅದರ ಮೂಲಕ ನೋಡಿ, ಇಲ್ಲವೇ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಆಗ ಗುಂಡಗೆ ಕಂಡರೆ ತೊಂದರೆ ಇರುವುದು ನಿಮ್ಮ ಕಣ್ಣಿನಲ್ಲಿ, ಆಸ್ಟಿಗ್ಮ್ಯಾಟಿಸಂ. ಕನ್ನಡಕದಂಗಡಿಗೆ ಹೋಗಿ ಸಿಲಿಂಡರ್ ಪವರ್ ಹಾಕಿಸಿಕೊಂಡರೆ ಬಹಳಷ್ಟು ಸರಿಹೋಗುತ್ತದೆ. ಬೆಳಕು ಕಡಿಮೆ ಮಾಡಿದರೂ ಚುಕ್ಕೆಯ ಬಾಲ ಚಿಕ್ಕದಾಗುತ್ತದೆ. ಕೆಲವರಿಗೆ ಹಸಿರು ಚುಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ನಮ್ಮೂರಲ್ಲಿ ಗುರಿಯ ಹಿಂದೆ ಇರುವುದೆಲ್ಲ ಹಸಿರೇ ಅಲ್ವಾ, ಕಾಫಿ ತೋಟದ ಮುಂದೆ ಹಸಿರು ಚುಕ್ಕೆ ಹುಡುಕುವ ಶಿಕ್ಷೆ ನನಗೆ ಬೇಡ.

ಇನ್ನು ಮಳೆ. ಕೊಡಗಿನಲ್ಲಿ ಕೂತು ಸೈಟ್ ಆರಿಸುವವರು ಬೇರೆ ಊರಿನವರಿಗಿಂತ ಇಲ್ಲಿ ಜಾಸ್ತಿ ಯೋಚಿಸಬೇಕು. ಸೈಟಿನಲ್ಲಿ ಎರಡು ಬಗೆ. ತೆರೆದ ಬಗೆಯಲ್ಲಿ ಹಿಂದೆ ದೀಪ, ಮುಂದೆ ಒಂದೇ ಗಾಜು, ನಡುವೆ ಬಯಲು. ಮುಚ್ಚಿದ ಬಗೆಯಲ್ಲಿ ಹಿಂದೂ ಗಾಜು, ಮುಂದೂ ಗಾಜು, ದೀಪ ಪೆಟ್ಟಿಗೆಯೊಳಗೆ ಭದ್ರ. ಡಬ್ಬಿಯ ಮೇಲೆ ಐಪಿ67 ಅಂತ ಬರೆದಿರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದು ಅಂತ. ಸರಿ, ನೀರು ಒಳಗೆ ಹೋಗಲಿಲ್ಲ. ಆದರೆ ತೆರೆದ ಸೈಟಿನ ದೀಪದ ಕಣ್ಣಿನ ಮೇಲೆ ಒಂದೇ ಒಂದು ಹನಿ ಕೂತರೆ ಸಾಕು, ಚುಕ್ಕೆ ಒಡೆದು ಕೆಂಪು ಕಲೆಯಾಗುತ್ತದೆ ಇಲ್ಲವೇ ಮಾಯವಾಗುತ್ತದೆ, ಒರೆಸುವುದಕ್ಕೆ ಆ ಸಂದಿಗೆ ಬೆರಳೂ ಹೋಗುವುದಿಲ್ಲ, ಬಟ್ಟೆಯ ತುದಿ ತಿರುಚಿ ತೂರಿಸಬೇಕು. ಸೈಟ್ ಕೆಟ್ಟಿಲ್ಲ, ಆದರೆ ನಿಮ್ಮ ಪಂದ್ಯ ಕೆಟ್ಟಿತು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಶೆಡ್ಡಿನ ಸೂರಿನಿಂದ ಸಿಡಿಯುವ ಎರಚಲೇ ಈ ಕೆಲಸಕ್ಕೆ ಸಾಕು.

ಹಾಗಾಗಿ ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯವರಿಗೆ, ಮಳೆಗಾಲದಲ್ಲೂ ಅಭ್ಯಾಸ ಬಿಡದವರಿಗೆ, ನಾನು ಮುಚ್ಚಿದ ಬಗೆಯನ್ನೇ ಹೇಳುವುದು. ಏಮ್‌ಪಾಯಿಂಟ್ ಆಕ್ರೋ ಪಿ-2, ಹೋಲೋಸನ್ 509ಟಿ, ಸ್ಟೈನರ್ ಎಂಪಿಎಸ್ ಈ ಜಾತಿಯವು. ತೂಕ ಸ್ವಲ್ಪ ಜಾಸ್ತಿ, ಆಕ್ರೋ 60 ಗ್ರಾಂ ಆಸುಪಾಸು, ಟ್ರಿಜಿಕಾನ್ ಆರ್‌ಎಂಆರ್ ಥರದ ತೆರೆದದ್ದು 34 ಗ್ರಾಂ. ಕಿಟಕಿಯೂ ಚಿಕ್ಕದು ಅನ್ನಿಸುತ್ತದೆ. ಮುಚ್ಚಿದ್ದರ ಗಾಜಿಗೂ ಹನಿ ಬೀಳುತ್ತದೆ, ಆದರೆ ಹೆಬ್ಬೆರಳಿನಲ್ಲಿ ಒರೆಸಿದರೆ ಮುಗಿಯಿತು. ಬರೀ ಬೇಸಿಗೆಯಲ್ಲಿ, ಸೂರಿನ ಕೆಳಗೆ ಹೊಡೆಯುವವರಾದರೆ ತೆರೆದದ್ದು ಧಾರಾಳವಾಗಿ ಸಾಕು, ಟ್ರಿಜಿಕಾನ್ ಎಸ್‌ಆರ್‌ಒ ಥರದ ದೊಡ್ಡ ದುಂಡು ಕಿಟಕಿಯದ್ದು ಪಂದ್ಯಕ್ಕೆಂದೇ ಮಾಡಿದ್ದು. ಅಂದಹಾಗೆ ದೊಡ್ಡ ಕಿಟಕಿ ಇದ್ದರೆ ಚುಕ್ಕೆ ಬೇಗ ಸಿಗುತ್ತದೆ ಅನ್ನುವುದು ನಿಜ, ಆದರೆ ಪಿಸ್ತೂಲ್ ಎತ್ತಿದಾಗ ಚುಕ್ಕೆ ಸಿಗುವುದೇ ಇಲ್ಲ ಅಂದರೆ ಅದಕ್ಕೆ ಔಷಧಿ ಕಿಟಕಿಯಲ್ಲಿ ಇಲ್ಲ, ಮಣಿಕಟ್ಟಿನಲ್ಲಿದೆ.

ಬೆಳಕಿನ ಮಟ್ಟ ಪರೀಕ್ಷಿಸುವುದಕ್ಕೆ ನಮ್ಮಲ್ಲಿ ಒಳ್ಳೆ ಜಾಗ ಇದೆ: ಕಾಫಿ ಒಣಗಿಸುವ ಕಣ. ಫೆಬ್ರವರಿಯ ನಡುಮಧ್ಯಾಹ್ನ ಸಿಮೆಂಟ್ ಕಣದ ಕಡೆ ಸೈಟ್ ಹಿಡಿದು ಅತಿ ಹೆಚ್ಚಿನ ಬೆಳಕಿಗೆ ಇಡಿ. ಆ ಬಿಳಿಚಿನಲ್ಲೂ ಚುಕ್ಕೆ ಕಂಡರೆ ಎಲ್ಲಿ ಬೇಕಾದರೂ ಕಾಣುತ್ತದೆ. ಆಮೇಲೆ ಸಂಜೆ ಮಂಜು ಇಳಿದಾಗ ಅತಿ ಕಡಿಮೆಗೆ ಇಟ್ಟು ನೋಡಿ, ಚುಕ್ಕೆ ಉರಿದು ಹರಡಿದರೆ ಆ ಸೈಟಿನಲ್ಲಿ ಕೆಳಗಿನ ಮಟ್ಟಗಳು ಸಾಲವು.

ಬ್ಯಾಟರಿ ಯಾವುದು ಅಂತ ಕೇಳಿ. ಸಿಆರ್2032 ಆದರೆ ಗೋಣಿಕೊಪ್ಪದ ಯಾವ ಅಂಗಡಿಯಲ್ಲೂ ಸಿಗುತ್ತದೆ, ಎಷ್ಟೋ ಕಾರುಗಳ ಕೀಲಿ ರಿಮೋಟಿಗೂ ಅದೇ. ಸಿಆರ್1632, ಸಿಆರ್1225 ಇಂಥವಕ್ಕೆ ಮೈಸೂರಿಗೆ ಹೋಗಬೇಕಾದೀತು, ಆನ್‌ಲೈನಿನಲ್ಲಿ ತರಿಸಿದರೆ ಎರಡು ಜಾಸ್ತಿ ತರಿಸಿ. ಬ್ಯಾಟರಿ ಹಾಕುವ ಬಾಗಿಲು ಎಲ್ಲಿದೆ ಅನ್ನುವುದು ಅದಕ್ಕಿಂತ ಮುಖ್ಯ. ಮೇಲೆ ಅಥವಾ ಬದಿಯಲ್ಲಿ ಇದ್ದರೆ ಸರಿ. ಕೆಳಗೆ ಇದ್ದರೆ ಪ್ರತಿ ಸಲ ಸೈಟ್ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಗುರಿ ಹೊಂದಿಸಬೇಕು, ಅದಕ್ಕೆ ಖರ್ಚಾಗುವ ಗುಂಡಿನ ದುಡ್ಡು ಯಾರು ಕೊಡುತ್ತಾರೆ? ಅಲುಗಿಸಿದರೆ ತಾನೇ ಹೊತ್ತಿಕೊಳ್ಳುವ ಸೌಲಭ್ಯ ಒಳ್ಳೆಯದು. ತಾನೇ ಆರುವ ಸೈಟಾದರೆ ಎಷ್ಟು ನಿಮಿಷಕ್ಕೆ ಆರುತ್ತದೆ ಅಂತ ನೋಡಿಕೊಳ್ಳಿ, ಸಾಲಿನಲ್ಲಿ ನಿಂತು ಸರದಿ ಕಾಯುವಾಗ ಆರಿಹೋದರೆ ಕಷ್ಟ.

ನಕಲಿ ಮಾಲಿನ ಬಗ್ಗೆ ಒಂದು ಮಾತು. ದೊಡ್ಡ ಕಂಪನಿಯ ಹೆಸರು, ಅದೇ ಅಕ್ಷರ, ಅದೇ ಡಬ್ಬಿ, ಬೆಲೆ ಮಾತ್ರ ಎರಡು ಮೂರು ಸಾವಿರ. ಆಟಿಕೆ ಕೋವಿಗೆ ಮಾಡಿದ ಮಾಲು ಅದು. ನಾನೂ ಒಮ್ಮೆ ಆಸೆಗೆ ಬಿದ್ದು ತರಿಸಿದೆ, ಮಂಜಿನ ಬೆಳಗ್ಗೆ ಹೊರಗೆ ತೆಗೆದ ಹತ್ತೇ ನಿಮಿಷಕ್ಕೆ ಗಾಜಿನ ಒಳಗಡೆ ಆವಿ ಕಟ್ಟಿತು. ನಿಜವಾದ ಮಾಲಿಗೆ ಸೀರಿಯಲ್ ನಂಬರ್ ಇರುತ್ತದೆ, ಕೊಳ್ಳುವ ಮುನ್ನ ಕಂಪನಿಗೆ ಬರೆದು ಕೇಳಿ.

ಕಟ್ಟುವ ಕೆಲಸಕ್ಕೆ ಬರೋಣ. ನನ್ನ ಅನುಭವದಲ್ಲಿ ಸೈಟ್ ಸರಿಯಿಲ್ಲ ಅಂತ ತಂದು ತೋರಿಸುವವರಲ್ಲಿ ಅರ್ಧಕ್ಕರ್ಧ ಜನರದ್ದು ಸ್ಕ್ರೂ ಸರಿಯಿರುವುದಿಲ್ಲ. ಮೊದಲು ಪಿಸ್ತೂಲ್ ಖಾಲಿ ಮಾಡಿ, ಮ್ಯಾಗಜಿನ್ ತೆಗೆದು, ಚೇಂಬರ್ (ಗುಂಡು ಕೂರುವ ಜಾಗ) ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ. ಆಮೇಲೆ ಸ್ಕ್ರೂ ಮತ್ತು ತೂತುಗಳ ಎಣ್ಣೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಎಣ್ಣೆ ಇದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್ 243, ಒಂದು ಸಣ್ಣ ಹನಿ ಸಾಕು, ಕೆಂಪು ಬಣ್ಣದ್ದು ಬೇಡ, ಅದನ್ನು ಬಿಚ್ಚುವುದಕ್ಕೆ ಬಿಸಿ ಕೊಡಬೇಕಾಗುತ್ತದೆ. ಗಾಜಿಗೆ ತಾಗದಂತೆ ನೋಡಿಕೊಳ್ಳಿ. ಬಿಗಿ ಮಾಡುವಾಗ ತೋಟದ ಪಂಪ್‌ಸೆಟ್ಟಿನ ಬೋಲ್ಟ್ ಅಂತ ತಿಳಿದು ತಿರುವಬೇಡಿ. ಹೆಚ್ಚಿನ ಸೈಟುಗಳಿಗೆ 10ರಿಂದ 15 ಇಂಚ್-ಪೌಂಡ್ (ತಿರುವುವ ಬಲದ ಅಳತೆ) ಸಾಕು, ಕೈಪಿಡಿಯಲ್ಲಿ ಬರೆದಿರುತ್ತದೆ, ಅಳತೆಯ ಟಾರ್ಕ್ ಸ್ಕ್ರೂಡ್ರೈವರ್ ಇದ್ದವರ ಹತ್ತಿರ ಕೇಳಿ ತನ್ನಿ. ಎರಡು ಸ್ಕ್ರೂವನ್ನೂ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿಸಿ. ಸ್ಕ್ರೂ ಉದ್ದವಾದರೆ ಅದರ ತುದಿ ಸ್ಲೈಡಿನ ಒಳಭಾಗಕ್ಕೆ ತಾಗಿ ಪಿಸ್ತೂಲೇ ಕಚ್ಚಿಕೊಳ್ಳುತ್ತದೆ, ಹಾಗಾಗಿ ಕಟ್ಟಿದ ಮೇಲೆ ಖಾಲಿ ಪಿಸ್ತೂಲನ್ನು ಹತ್ತು ಸಲ ಎಳೆದು ನೋಡಿ. ಒಂದು ದಿನ ಹಾಗೇ ಬಿಡಿ. ಕೊನೆಗೆ ಸ್ಕ್ರೂ ತಲೆಯಿಂದ ಸೈಟಿನ ಮೈಗೆ ಬಿಳಿ ಪೇಂಟಿನಲ್ಲೋ ನೈಲ್ ಪಾಲಿಶಿನಲ್ಲೋ ಒಂದು ಗೆರೆ ಎಳೆಯಿರಿ. ಗೆರೆ ಮುರಿದರೆ ಸ್ಕ್ರೂ ತಿರುಗಿದೆ ಅಂತ. ನನ್ನ ಪಿಸ್ತೂಲಿನ ಮೇಲೆ ಹೆಂಡತಿಯ ಗುಲಾಬಿ ನೈಲ್ ಪಾಲಿಶ್ ಇದೆ, ಗೆಳೆಯರು ನಗುತ್ತಾರೆ, ನಗಲಿ.

ಸ್ಲೈಡಿಗೆ ಸೈಟ್ ಕೂರಿಸುವ ಜಾಗವೇ ಇಲ್ಲದಿದ್ದರೆ ಲೇತ್ ಅಂಗಡಿಗೆ ಕೊಂಡೊಯ್ದು ಕೊರೆಸಬೇಡಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ವಂಶಪಾರಂಪರ್ಯದ ಜಮೀನು ಉಳ್ಳವರು) ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಕೋವಿ ರಿಪೇರಿ ಮಾಡುವುದಕ್ಕೂ ಬದಲಾಯಿಸುವುದಕ್ಕೂ ಆಯುಧ ಕಾಯ್ದೆಯಲ್ಲಿ ಬೇರೆ ಲೈಸೆನ್ಸ್ ಬೇಕು, ಅದು ಇರುವ ಗನ್‌ಸ್ಮಿತ್ ಹತ್ತಿರವೇ ಕೆಲಸ ಮಾಡಿಸಿ. ದುಬೈಯಿಂದಲೋ ಅಮೆರಿಕದಿಂದಲೋ ಬರುವ ನೆಂಟರ ಸೂಟ್‌ಕೇಸಿನಲ್ಲಿ ಸೈಟ್ ತರಿಸುವ ಯೋಚನೆಯೂ ಬೇಡ. ಅಮೆರಿಕದಲ್ಲಿ ಕೋವಿಯ ಸೈಟುಗಳು ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ, ಇಲ್ಲಿ ಕಸ್ಟಮ್ಸ್‌ನವರು ಕೇಳುವ ಕಾಗದ ಬೇರೆ. ಲೈಸೆನ್ಸ್ ಇರುವ ಡೀಲರಿನಿಂದ ಬಿಲ್ ಸಮೇತ ಕೊಳ್ಳಿ.

ಈಗ ಸೈಟ್ ನಿಜ ಹೇಳುತ್ತದೋ ಅಂತ ಪರೀಕ್ಷೆ. ಮೊದಲನೆಯದಕ್ಕೆ ಗುಂಡೇ ಬೇಡ. ಖಾಲಿ ಪಿಸ್ತೂಲನ್ನು ಮರಳು ಚೀಲದ ಮೇಲೆ ಅಲುಗದಂತೆ ಕೂರಿಸಿ, 10 ಮೀಟರ್ ದೂರದ ಹಲಗೆಯ ನಡುವೆ ಚುಕ್ಕೆ ಇಡಿ, ಪಿಸ್ತೂಲ್ ಮುಟ್ಟದೆ ತಲೆಯನ್ನು ಮಾತ್ರ ಆಚೆ ಈಚೆ ಮೇಲೆ ಕೆಳಗೆ ಆಡಿಸಿ. ಚುಕ್ಕೆ ಕಿಟಕಿಯೊಳಗೆ ಓಡಾಡುತ್ತದೆ, ಅದು ಸಹಜ, ಆದರೆ ಹಲಗೆಯ ಮೇಲೆ ಅದೇ ಜಾಗದಲ್ಲಿ ಇರಬೇಕು. ಕಿಟಕಿಯ ಅಂಚಿಗೆ ಬಂದಾಗ ಸ್ವಲ್ಪ ಸರಿಯುವುದು ಒಳ್ಳೆ ಸೈಟಿನಲ್ಲೂ ಉಂಟು. ಹತ್ತರ ವೃತ್ತದಿಂದ ಏಳಕ್ಕೆ ಹಾರಿದರೆ ವಾಪಸ್ ಕೊಡಿ.

ಎರಡನೆಯದು ಚೌಕದ ಪರೀಕ್ಷೆ, ಹಿಂದೆ ಒಳ್ಳೆ ಮಣ್ಣಿನ ದಿಬ್ಬ ಇರುವ ಜಾಗದಲ್ಲಿ. ಮೂರು ಗುಂಡು ಹೊಡೆಯಿರಿ. ಸೈಟಿನ ಹೊಂದಾಣಿಕೆಯ ಸ್ಕ್ರೂ ಕಟಕ್ ಕಟಕ್ ಅಂತ ತಿರುವಿ 20 ಕ್ಲಿಕ್ ಮೇಲೆ, ಮೂರು ಗುಂಡು. 20 ಬಲಕ್ಕೆ, ಮೂರು. 20 ಕೆಳಗೆ, ಮೂರು. 20 ಎಡಕ್ಕೆ, ಮೂರು. ಗುರಿ ಯಾವಾಗಲೂ ಹಲಗೆಯ ಅದೇ ನಡು. ಕ್ಲಿಕ್ಕಿಗೆ 1 ಎಂಒಎ ಇರುವ ಸೈಟಾದರೆ 10 ಮೀಟರಿನಲ್ಲಿ ಚೌಕದ ಬದಿ 58 ಮಿಲಿಮೀಟರ್ ಆಸುಪಾಸು ಬರಬೇಕು, ಕೊನೆಯ ಮೂರು ಗುಂಡು ಮೊದಲ ಮೂರರ ಮೇಲೆಯೇ ಬೀಳಬೇಕು. ಚೌಕ ಸ್ವಲ್ಪ ಸೊಟ್ಟ ಆದರೂ ನಾನು ಕ್ಷಮಿಸುತ್ತೇನೆ, ಮನೆಗೆ ವಾಪಸ್ ಬರದ ಸೈಟನ್ನು ಕ್ಷಮಿಸುವುದಿಲ್ಲ.

ಮೂರನೆಯದು ನಮ್ಮ ಹವಾಮಾನದ್ದು. ಸೈಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ (ಫ್ರೀಜರಿನಲ್ಲಿ ಅಲ್ಲ) ಎರಡು ಗಂಟೆ ಇಟ್ಟು ಹೊರಗೆ ತೆಗೆಯಿರಿ. ಗಾಜಿನ ಹೊರಗೆ ಮಂಜು ಕಟ್ಟಿದರೆ ಅದು ಎಲ್ಲ ಗಾಜಿಗೂ ಆಗುವುದೇ. ಮುಚ್ಚಿದ ಸೈಟಿನ ಒಳಗೆ ಕಟ್ಟಿದರೆ ಸೀಲ್ ಸರಿಯಿಲ್ಲ.

ಇಷ್ಟಾದ ಮೇಲೆ 25 ಮೀಟರಿಗೆ ಗುರಿ ಹೊಂದಿಸಿ, 200 ಗುಂಡು ಹೊಡೆದು, ಮರುದಿನ ಮತ್ತೆ ಅದೇ ಜಾಗದಿಂದ ಐದು ಹೊಡೆಯಿರಿ. ಅಲ್ಲೇ ಬಿದ್ದರೆ ಪಂದ್ಯಕ್ಕೆ ಒಯ್ಯಬಹುದು. ಒಂದು ವಿಷಯ ಗಮನದಲ್ಲಿರಲಿ: ಚುಕ್ಕೆ ಬ್ಯಾರಲಿಗಿಂತ ಎರಡೂವರೆ ಸೆಂಟಿಮೀಟರಿನಷ್ಟು ಮೇಲಿರುತ್ತದೆ, ಆದ್ದರಿಂದ 25ಕ್ಕೆ ಹೊಂದಿಸಿದ ಸೈಟ್ 3 ಮೀಟರಿನಲ್ಲಿ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಹೊಡೆಯುತ್ತದೆ. ಹತ್ತಿರದ ಫಲಕ ತಪ್ಪಿತು ಅಂತ ಕ್ಲಿಕ್ ತಿರುಗಿಸುತ್ತಾ ಕೂರಬೇಡಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೈಟನ್ನು ಚರ್ಮದ ಚೀಲದಲ್ಲಿ ಇಡಲೇಬೇಡಿ, ಚರ್ಮ ತೇವ ಹಿಡಿದು ಗಾಜಿನ ಮೇಲೆ ಬೂಷ್ಟು ಬರುತ್ತದೆ, ಕ್ಯಾಮೆರಾ ಇರುವವರಿಗೆ ಈ ಸಂಕಟ ಗೊತ್ತು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬ್ಯಾಟರಿ 50,000 ಗಂಟೆ ಬರುತ್ತದೆ ಅಂತ ಕಂಪನಿ ಹೇಳಲಿ, ನಾನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕೈಲ್ ಮುಹೂರ್ತಕ್ಕೆ ಮನೆಯ ಕೋವಿಗಳನ್ನೆಲ್ಲ ಒರೆಸಿ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ದಿನ ಹೇಗೂ ಎಲ್ಲ ಹೊರಗೆ ಬಂದಿರುತ್ತದೆ, ಅವತ್ತೇ ಹೊಸ ಬ್ಯಾಟರಿ ಹಾಕಿ, ಸಂಪರ್ಕದ ತಗಡು ಒರೆಸಿ, ನೈಲ್ ಪಾಲಿಶ್ ಗೆರೆ ನೋಡಿಬಿಡುತ್ತೇನೆ. ತೆಗೆದ ಬ್ಯಾಟರಿಯಲ್ಲಿ ಇನ್ನೂ ಜೀವ ಇರುತ್ತದೆ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಅಡುಗೆಮನೆಯ ತೂಕದ ಯಂತ್ರಕ್ಕೆ ಅದೇ ಆಗುತ್ತದೆ.